ಸಪೋರ್ಟ್ ಅಂದ್ರೆ ಸಾಕಾ?

ಕಳೆದ ವಾರ ಊರಿಂದ ಮೇಷ್ಟ್ರು ಫೋನ್ ಮಾಡಿದ್ರು. ನಾನು ಓದಿದ ಕನ್ನಡ ಶಾಲೆಯಲ್ಲಿ ಈಗ ಇರೋದು 11 ಮಕ್ಕಳು. ಶಾಲೆ ಮುಚ್ಚಬಾರದು ಅಂತ ರಿಟೈರಾದ ಮೇಲೂ ಮನೆಮನೆ ತಿರುಗುತ್ತಿರುವವರು ಅವರೊಬ್ಬರೇ. ಹೊರದೇಶದಲ್ಲಿರೋ ಹಳೇ ವಿದ್ಯಾರ್ಥಿಗಳಿಗೆ, ಅವರ ಆಫೀಸಿನವರಿಗೆ ಒಂದು ಮನವಿ ಕಳಿಸಬೇಕಂತೆ. "ಇಂಗ್ಲಿಷಲ್ಲಿ ಒಂದು ಪುಟ ಬರ್ದು ಕೊಡು ಮಾರಾಯ" ಅಂದ್ರು.

ಬರೆದೆ. ಅವರ ಬಗ್ಗೆ 'ಹಿ ಸಪೋರ್ಟ್ಸ್ ದ ಸ್ಕೂಲ್' ಅಂತ ಒಂದು ಸಾಲು ಹಾಕಿದ್ದೆ. ಫೋನಲ್ಲೇ ಓದಿ ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಬಲ ಕೊಡೋದು ಹೊರಗೆ ನಿಂತವರಲ್ವನಾ?" ಅಂದ್ರು.

ಹೌದಲ್ಲ! ಅಷ್ಟೇ ಅಲ್ಲ, ಸಪೋರ್ಟ್ ಅಂದ್ರೆ ದುಡ್ಡು ಕೊಡೋದು ಅಂತಲೂ ಆಗುತ್ತೆ. ಓದಿದವರು ಶಾಲೆಯ ಖರ್ಚೆಲ್ಲ ಇವರೇ ನೋಡಿಕೊಳ್ತಾರೆ ಅಂದುಕೊಂಡ್ರೆ ಮನವಿಯೇ ದಂಡ.

ಡಿಕ್ಷನರಿ ತೆಗೆದು ಕೂತೆ. 'ಎಂಡೋರ್ಸ್'? ಚೆಕ್ಕಿನ ಹಿಂಬದಿಗೆ ಸಹಿ ಹಾಕ್ತೀವಲ್ಲ, ಅದೇ ಪದ. ಲ್ಯಾಟಿನ್ನಿನ 'ಡಾರ್ಸಮ್' ಅಂದ್ರೆ ಬೆನ್ನು. ನಮ್ಮ ಬೆಂಬಲದಲ್ಲೂ ಬೆನ್ನೇ ಇದೆ ಅಂತ ಖುಷಿಯಾಯ್ತು. ಆದ್ರೆ ಎಂಡೋರ್ಸ್ ಮಾಡೋದು ಹೆಸರಿರೋ ದೊಡ್ಡವರು. 'ಚಾಂಪಿಯನ್'? ಮೂಲದಲ್ಲಿ ಕಣಕ್ಕಿಳಿದು ಕಾದಾಡುವವನು, ಎಷ್ಟೋ ಸಲ ಬೇರೆಯವರ ಪರವಾಗಿ. ಅರ್ಥ ಸರಿ, ಆದ್ರೆ ಮೇಷ್ಟ್ರು ಕೇಳಿದ್ರೆ "ಎಂತ, ಕಪ್ ಗೆದ್ದಿದ್ನಾ ನಾನು?" ಅಂತ ನಗ್ತಾರೆ.

'ಅಡ್ವೊಕೇಟ್' ನಮ್ಮ ವಕಾಲತ್ತಿಗೆ ಹತ್ತಿರ. ಅಲ್ಲೊಂದು ಕೊಕ್ಕೆ ಇದೆ. ಒಂದು ನೀತಿಯನ್ನೋ ಬದಲಾವಣೆಯನ್ನೋ ನೇರವಾಗಿ ಅಡ್ವೊಕೇಟ್ ಮಾಡಬಹುದು. ಮಕ್ಕಳ ಪರ ಮಾತಾಡೋದಾದ್ರೆ ಮುಂದೆ 'ಫಾರ್' ಬೇಕು. ಇನ್ನು 'ಸ್ಟ್ಯಾಂಡ್'ದು ಬೇರೆಯೇ ಕಥೆ. 'ಸ್ಟ್ಯಾಂಡ್ ಫಾರ್' ಅಂದ್ರೆ ಒಂದು ತತ್ವಕ್ಕೆ ನಿಲ್ಲೋದು. ನಡುವೆ ಒಂದು 'ಅಪ್' ಸೇರಿಸಿದ್ರೆ, ಯಾರಾದ್ರೂ ಮೇಲೆ ಬಿದ್ದಾಗ ಎದ್ದು ನಿಂತು ಮಾತಾಡೋದು. 'ಸ್ಟ್ಯಾಂಡ್ ಬೈ' ಅಂದ್ರೆ ಕಷ್ಟದಲ್ಲಿ ಕೈಬಿಡದೆ ಜೊತೆಗಿರೋದು. ತಮಾಷೆ ನೋಡಿ, ಏನೂ ಮಾಡದೆ ಪಕ್ಕದಲ್ಲಿ ನಿಂತು ನೋಡೋದಕ್ಕೂ ಅದೇ ಮಾತು!

ಕೊನೆಗೆ ಆ ಪದಗಳನ್ನೆಲ್ಲ ಬಿಟ್ಟುಬಿಟ್ಟೆ. 'ಪ್ರತಿ ವರ್ಷ ಮೇ ತಿಂಗಳಲ್ಲಿ ಇವರು ಮನೆಮನೆಗೆ ಹೋಗಿ, ಮಕ್ಕಳನ್ನು ಈ ಶಾಲೆಗೆ ಕಳಿಸಿ ಅಂತ ಕೇಳ್ತಾರೆ' ಅಂತ ಸಾದಾ ಇಂಗ್ಲಿಷಲ್ಲಿ ಬರೆದೆ. ಮೇಷ್ಟ್ರು "ಈಗ ಸರಿಯಾಯ್ತು" ಅಂದ್ರು. ಐದನೇ ಕ್ಲಾಸಲ್ಲಿ ಕಾಪಿ ತಿದ್ದಿ ವಾಪಸ್ ಕೊಟ್ಟಾಗ ಅಂತಿದ್ರಲ್ಲ, ಅದೇ ದನಿ.

ಸಪೋರ್ಟ್ ಪದ ಮಾತ್ರ ದಂಡವಾಗಲಿಲ್ಲ. ಪುಟದ ಕೆಳಗೆ 'ಸಪೋರ್ಟರ್ಸ್' ಅಂತ ಒಂದು ಪಟ್ಟಿ ಇದೆ, ಅದರಲ್ಲಿ ನನ್ನ ಹೆಸರೂ ಇದೆ. ನನ್ನ ಮಗಳು ಹೋಗೋದು ಇಲ್ಲಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ. ಮೇಷ್ಟ್ರಿಗೆ ಅದು ಗೊತ್ತು, ಒಂದು ಸಲವೂ ಕೇಳಿಲ್ಲ. ಆ ಪಟ್ಟಿಗೆ ಬೇರೆ ಪದ ಹುಡುಕೋಕೆ ನಾನೂ ಹೋಗಲಿಲ್ಲ. ಹೊರಗೆ ನಿಂತವನಿಗೆ ಅದೇ ಸರಿಯಾದ ಪದ.