ಓಟ್‌ಮನ್ ಘಾಟಿಯಲ್ಲಿ ಒಂದು ಷೆವರ್ಲೆ

ಅರಿಜೋನಾದ ಸೆಲಿಗ್‌ಮನ್ನಿನ ಪೆಟ್ರೋಲ್ ಬಂಕಿನಲ್ಲಿ ಅಣ್ಣನ ಮಗ ಪೈಪು ಹಿಡಿದು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದ. "ಚಿಕ್ಕಪ್ಪ, ಎಲ್ಲೂ ಮುಚ್ಚಳವೇ ಇಲ್ಲವಲ್ಲ!" ಕಾರಿನ ಯಜಮಾನರು ನಗುತ್ತ ಬಂದು ಎಡಗಡೆಯ ಬಾಲರೆಕ್ಕೆಯ ತುದಿಯಲ್ಲಿದ್ದ ಕ್ರೋಮಿಯಂ ಪಟ್ಟಿಯನ್ನು ಎಳೆದರು. ಅದು ಸರಕ್ಕನೆ ತೆರೆದುಕೊಂಡಿತು. ಒಳಗೆ ಟ್ಯಾಂಕಿನ ಬಾಯಿ. ಪೆಟ್ರೋಲ್ ಮುಚ್ಚಳ ಕಣ್ಣಿಗೆ ಬೀಳದಂತೆ ರೆಕ್ಕೆಯೊಳಗೆ ಬಚ್ಚಿಟ್ಟವರ ಕಾಲ ಎಂಥದಿರಬೇಕು!

ಕಾರು 1957ರ ಷೆವರ್ಲೆ ಬೆಲ್ ಏರ್, ಎರಡು ಬಾಗಿಲಿನದು. ಅಮೆರಿಕದವರ ತಲೆಯಲ್ಲಿ ಜೆಟ್ ವಿಮಾನ, ರಾಕೆಟ್ಟುಗಳೇ ತುಂಬಿದ್ದ ದಿನಗಳವು. ಬಾನೆಟ್ಟಿನ ಮೇಲೆ ಎರಡು ಪುಟ್ಟ ರಾಕೆಟ್ಟು, ಹಿಂದೆ ಚೂಪಾದ ರೆಕ್ಕೆ, ಮುಂದಿನ ಜಾಲರಿಗೆ ಬಂಗಾರದ ಬಣ್ಣ. ಮೈ ಹಸಿರುಮಿಶ್ರಿತ ನೀಲಿ, ಚಾವಣಿ ದಂತದ ಬಿಳಿ. ಆ ಬಿಳಿಗೆ ಕಂಪನಿಯವರೇ ಇಟ್ಟಿದ್ದ ಹೆಸರು 'ಇಂಡಿಯಾ ಐವರಿ' ಎಂದು ತಿಳಿದಾಗ ಮಾತ್ರ ನನಗೆ ಈ ಕಾರಿನ ಮೇಲೆ ಸಣ್ಣದೊಂದು ಹಕ್ಕು ಬಂದಂತಾಯಿತು. ಷೆವರ್ಲೆಯೊಡನೆ ನಮ್ಮ ನಂಟೇನೋ ಹಳೆಯದು: ಮುಂಬಯಿಯ ಶಿವಡಿಯಲ್ಲಿ 1928ರಿಂದ ಷೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಆ ಕೆಲಸ ನಿಲ್ಲಿಸಿತ್ತು. ರೆಕ್ಕೆಯ ಬೆಲ್ ಏರ್ ಅಲ್ಲಿ ತಯಾರಾಗಲೇ ಇಲ್ಲ.

ಯಜಮಾನರು ಫೀನಿಕ್ಸ್‌ನಲ್ಲಿ ಅಣ್ಣನ ಮಗನ ನೆರೆಯವರು. ವಿಮಾನ ರಿಪೇರಿ ಮಾಡುತ್ತಿದ್ದವರು, ಈಗ ನಿವೃತ್ತರು. ಅವರ ಕೈಗೆ ಬಂದಾಗ ಇದರಲ್ಲಿ ಎಂಜಿನ್ನೇ ಇರಲಿಲ್ಲವಂತೆ; ತುಕ್ಕು ಹಿಡಿದ ತಗಡು, ಒಳಗೆ ಇಲಿಗಳ ಸಂಸಾರ. ಈಗ ಬಾನೆಟ್ ಎತ್ತಿದರೆ ಷೆವರ್ಲೆಯವರದೇ ಹೊಸ ಎಂಜಿನ್, 6.2 ಲೀಟರಿನ ಎಲ್‌ಎಸ್3, ಎಂಟು ಸಿಲಿಂಡರು, ಸುಮಾರು 430 ಅಶ್ವಶಕ್ತಿ. ಎಂಜಿನ್ನಿನ ಮೈ ಅಲ್ಯೂಮಿನಿಯಂ ಆದ್ದರಿಂದ ಹಳೆಯ ಎರಕದ ಕಬ್ಬಿಣದ ಎಂಜಿನ್ನಿಗಿಂತ ಹಗುರ, ಪೆಟ್ರೋಲ್ ಅಳೆದು ಕೊಡುವುದು ಕಂಪ್ಯೂಟರು.

ನಾನು ಬೆರಗಾದದ್ದು ಅಶ್ವಶಕ್ತಿಗಲ್ಲ. ಷೆವರ್ಲೆಯವರು 1955ರಲ್ಲಿ ಹೊರತಂದ ಸಣ್ಣ ವಿ-8 ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ್ದರ ನಡುವಿಗೆ 4.4 ಅಂಗುಲ. ಈ ಹೊಸ ಎಂಜಿನ್ನಿನಲ್ಲೂ ಅದೇ 4.4 ಅಂಗುಲ! ಉಳಿದದ್ದೆಷ್ಟೋ ಬದಲಾಯಿತು, ಆ ಅಳತೆ ಕದಲಲಿಲ್ಲ. ಪೆಟ್ರೋಲ್ ಅಳೆದು ಚಿಮ್ಮಿಸುವ ಇಂಜೆಕ್ಷನ್ ಕೂಡ ಈ ಮನೆತನಕ್ಕೆ ಹೊಸತಲ್ಲ. 1957ರಲ್ಲೇ ಹೆಚ್ಚಿಗೆ ಹಣ ಕೊಟ್ಟವರಿಗೆ ಯಾಂತ್ರಿಕ ಇಂಜೆಕ್ಷನ್ ಸಿಗುತ್ತಿತ್ತು: 283 ಘನ ಅಂಗುಲದ ಎಂಜಿನ್, 283 ಅಶ್ವಶಕ್ತಿ. ಅಂಗುಲಕ್ಕೊಂದು ಕುದುರೆ ಎಂದು ಕಂಪನಿ ಬೀಗುತ್ತಿದ್ದ ಕಾಲ.

ಸೆಲಿಗ್‌ಮನ್ ಚಿಕ್ಕ ಊರು. ಇದನ್ನು ಹಾದುಹೋಗುತ್ತಿದ್ದ, ಷಿಕಾಗೊದಿಂದ ಸಾಂಟಾ ಮೋನಿಕಾವರೆಗಿನ ರೂಟ್ 66 ಹೆದ್ದಾರಿ 1926ರಲ್ಲಿ ಹುಟ್ಟಿ, 1985ರಲ್ಲಿ ಸರ್ಕಾರಿ ಪಟ್ಟಿಯಿಂದ ಅಳಿಸಿಹೋಯಿತು. ಅದಕ್ಕೂ ಮೊದಲೇ, 1978ರಲ್ಲಿ, ಹೊಸ ಇಂಟರ್‌ಸ್ಟೇಟ್ ರಸ್ತೆ ಈ ಊರನ್ನು ಬದಿಗೊತ್ತಿತ್ತು. ಇಲ್ಲಿಯ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಊರವರನ್ನು ಸೇರಿಸಿ ಸಂಘ ಕಟ್ಟಿ, ಈ ದಾರಿಗೆ ಚಾರಿತ್ರಿಕ ರಸ್ತೆ ಎಂಬ ಮಾನ್ಯತೆ ದೊರಕಿಸಿದರು. ಊರಿನ ಬೀದಿಯಲ್ಲಿ ಹಳೆಯ ಕಾರುಗಳು ಗೊಂಬೆಗಳಂತೆ ನಿಂತಿವೆ. ಅವುಗಳೆದುರು ಫೋಟೊ ತೆಗೆಸಿಕೊಳ್ಳುತ್ತಿದ್ದ ಜನ ನಮ್ಮ ಕಾರು ಸ್ಟಾರ್ಟ್ ಆದದ್ದೇ ತಡ, ಇತ್ತ ಓಡಿಬಂದರು.

ಹೆದ್ದಾರಿಯಲ್ಲಿ ಬರುವಾಗ ಗಾಜು ಏರಿಸಿ ಏ.ಸಿ. ಹಾಕಿದ್ದೆವು. ಈ ಕಾರಿನಲ್ಲಿ ನನಗೆ ಬೇಡವಾದದ್ದು ಅದೊಂದೇ. ಇದು ನಡುಗಂಬವಿಲ್ಲದ ಕಾರು. ನಾಲ್ಕೂ ಗಾಜು ಇಳಿಸಿದರೆ ಪಕ್ಕಗಳು ಪೂರ್ತಿ ಬಯಲು. ಸೆಲಿಗ್‌ಮನ್ ದಾಟಿದ ಮೇಲೆ ಹಾಗೇ ಮಾಡಿದೆವು. ಒಣಹುಲ್ಲಿನ ವಾಸನೆ, ದೂರದಲ್ಲಿ ಮುಗಿಯದ ಗೂಡ್ಸ್ ರೈಲು, ಹುವಾಲಪಾಯ್ ಜನರ ಪೀಚ್ ಸ್ಪ್ರಿಂಗ್ಸ್, ಹ್ಯಾಕ್‌ಬೆರಿಯ ಹಳೇ ಅಂಗಡಿ. ಕಿಂಗ್‌ಮನ್‌ನಲ್ಲಿ ಊಟ.

ಆಮೇಲೆ ಬಂತು ಓಟ್‌ಮನ್ ದಾರಿಯ ಸಿಟ್‌ಗ್ರೀವ್ಸ್ ಘಾಟಿ. ಎತ್ತರ ಹೆಚ್ಚಿಲ್ಲ, ಸುಮಾರು 3,550 ಅಡಿ. ಆದರೆ ದಾರಿ ಕಿರಿದು, ತಿರುವು ಕಡಿದು, ಬಹಳ ಕಡೆ ತಡೆಗೋಡೆಯೇ ಇಲ್ಲ. ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮಾಡೆಲ್ ಟಿ ಫೋರ್ಡುಗಳ ಕಾಲದಲ್ಲಿ ಇದನ್ನು ಹಿಮ್ಮುಖವಾಗಿ ಹತ್ತುತ್ತಿದ್ದರಂತೆ! ಆ ಕಾರಿನಲ್ಲಿ ಪೆಟ್ರೋಲ್ ಪಂಪ್ ಇರಲಿಲ್ಲ, ಸೀಟಿನಡಿಯ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ನಿಗೆ ಬರಬೇಕು. ಮೂತಿ ಮೇಲಾದರೆ ಅದು ಬರುವುದು ನಿಲ್ಲುತ್ತದೆ. ಧೈರ್ಯ ಸಾಲದವರು ಸ್ಥಳೀಯರಿಗೆ ದುಡ್ಡು ಕೊಟ್ಟು ಕಾರು ದಾಟಿಸಿಕೊಳ್ಳುತ್ತಿದ್ದರು. 1950ರ ದಶಕದ ಆರಂಭದಲ್ಲೇ ಹೆದ್ದಾರಿಯನ್ನು ಬೇರೆಡೆ ತಿರುಗಿಸಿದರು. ಅಂದರೆ ನಮ್ಮ ಬೆಲ್ ಏರ್ ಹುಟ್ಟುವ ಹೊತ್ತಿಗಾಗಲೇ ಈ ಘಾಟಿ ಹಳೇ ದಾರಿ.

ನಮ್ಮ ಕಾರು ಉಸಿರೆತ್ತದೆ ಹತ್ತಿತು. ನಾನು ಕಾದಿದ್ದದ್ದು ಇಳಿಯುವುದಕ್ಕೆ. 1957ರ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬಿಡದೆ ಒತ್ತುತ್ತ ಇಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಬ್ರೇಕ್ ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಸರಿಯಬೇಕಾಗುತ್ತದೆ. ಪೆಡಲ್ ಕೆಳಗಿಳಿಯುತ್ತಲೇ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮೂಲದ ಆಟೊಮ್ಯಾಟಿಕ್‌ನಲ್ಲಿ ಇದ್ದದ್ದು ಎರಡೇ ಗೇರು. ಸ್ಟಿಯರಿಂಗಿನ ಕಂಬವೋ ಗಟ್ಟಿ ಉಕ್ಕು, ಎದುರಿಗೆ ಗುದ್ದಿದರೆ ನೇರ ಎದೆಗೆ. ಈಗಿನದು ಮಡಿಚಿಕೊಳ್ಳುತ್ತದೆ; ಗೇರು ನಾಲ್ಕು, ಚಕ್ರಗಳೊಳಗೆ ಗಾಳಿಗೆ ತೆರೆದ ಡಿಸ್ಕ್ ಬ್ರೇಕ್, ಹೆಗಲ ಮೇಲೆ ಬೆಲ್ಟು. ಯಜಮಾನರು ಒಂದು ಕೈಯಲ್ಲಿ ಕಾರು ತಿರುಗಿಸುತ್ತ, ಇನ್ನೊಂದರಲ್ಲಿ ಗೋಲ್ಡ್ ರೋಡ್ ಗಣಿಯ ಪಾಳುಗೋಡೆಗಳನ್ನು ತೋರಿಸಿದರು. ಹಳೆಯ ಬ್ರೇಕಿನಲ್ಲಾಗಿದ್ದರೆ ನಾನು ಆ ಕೈಯನ್ನು ಹಿಡಿದು ಸ್ಟಿಯರಿಂಗಿಗೆ ಅಂಟಿಸುತ್ತಿದ್ದೆ.

ಓಟ್‌ಮನ್‌ನಲ್ಲಿ ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ನಡುಬೀದಿಯಲ್ಲೇ ಇರುತ್ತದೆ. ಒಂದು ಕತ್ತೆ ಬಂದು, ಕಂಬವಿಲ್ಲದ ಕಿಟಕಿಯಲ್ಲಿ ಕುತ್ತಿಗೆಯವರೆಗೂ ತಲೆ ತೂರಿಸಿ, ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಮೂಸಿತು. "ಚಿಕ್ಕಪ್ಪ, ಅಲ್ಲಾಡಬೇಡಿ," ಎಂದ ಅಣ್ಣನ ಮಗ, ಫೋಟೊಗಾಗಿ.

ಕಾರಿನ ಮೇಳಗಳಲ್ಲಿ ಯಜಮಾನರಿಗೆ ಬೈಗುಳವೂ ಸಿಗುತ್ತದಂತೆ: ಒಳ್ಳೆಯ ಕಾರು ಕೆಡಿಸಿದಿರಿ ಎಂದು. ಕಾರ್ಖಾನೆಯ ಇಂಜೆಕ್ಷನ್ ಎಂಜಿನ್ ಸಮೇತ ಉಳಿದ 1957ರ ಕಾರು ಯಾರಿಗಾದರೂ ಸಿಕ್ಕಿದರೆ ಅದಕ್ಕೆ ಕೈ ಹಚ್ಚಬಾರದು, ನಾನೂ ಒಪ್ಪುತ್ತೇನೆ. ಆದರೆ ಆ ವರ್ಷ ಷೆವರ್ಲೆ ಮಾಡಿದ ಕಾರುಗಳು ಹತ್ತು ಲಕ್ಷ ಮೀರುತ್ತವೆ. ಎಂಜಿನ್ನಿಲ್ಲದ ತುಕ್ಕು ತಗಡಿಗೆ ಜೀವ ಕೊಟ್ಟು ಘಾಟಿ ದಾಟಿಸಿದವರು ಏನನ್ನೂ ಕೆಡಿಸಿಲ್ಲ.

ಅರಿಜೋನಾಕ್ಕೆ ಹೋಗುವವರು ಈ ದಾರಿಯನ್ನು ಬಿಡಬೇಡಿ. ಬಾಡಿಗೆಯ ಮಾಮೂಲು ಕಾರಾದರೂ ಸಾಕು. ಬೇಸಿಗೆ ಬೇಡ, ಕಿಂಗ್‌ಮನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. 40 ಅಡಿಗಿಂತ ಉದ್ದದ ವಾಹನವನ್ನು ಘಾಟಿಗೆ ಬಿಡುವುದಿಲ್ಲ.