ತಿಳಿನೀಲಿಯ ತವರು

ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ತಿಳಿನೀಲಿ. ಫ್ರಾಂಕ್ಲಿನ್ ಸ್ಟ್ರೀಟ್‌ನ ಅಂಗಡಿಗಳಲ್ಲಿ ತೂಗುಬಿಟ್ಟ ಟೀ ಶರ್ಟು, ಕಾರಿನ ಹಿಂದಿನ ಸ್ಟಿಕ್ಕರು, ತಳ್ಳುಗಾಡಿಯಲ್ಲಿ ನಿದ್ದೆ ಹೋದ ಕೂಸಿನ ಟೋಪಿ, ಎಲ್ಲವೂ ಅದೇ ಬಣ್ಣ. ಅಗ್ನಿಶಾಮಕ ದಳದ ಗಾಡಿಗೂ ಈ ಊರಿನಲ್ಲಿ ಕೆಂಪು ಬಳಿಯದೆ ತಿಳಿನೀಲಿ ಬಳಿದಿದ್ದಾರೆ. 1795ರಲ್ಲಿ ಬಾಗಿಲು ತೆರೆದ ಸರ್ಕಾರಿ ವಿಶ್ವವಿದ್ಯಾಲಯವೊಂದು ಇಡೀ ಊರಿಗೆ ತನ್ನ ಬಣ್ಣ ಹಚ್ಚಿದೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಆ ಬಣ್ಣವನ್ನು ಜಗತ್ತಿಗೆಲ್ಲ ಕೊಂಡೊಯ್ದಿದೆ.

ನನ್ನನ್ನು ಕರೆದುಕೊಂಡು ಹೋದವನು ತಂಗಿಯ ಮಗ. ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಮೋರಿಸ್‌ವಿಲ್‌ನಲ್ಲಿ ಮನೆ. ಆ ಕಡೆ ಕನ್ನಡದ ಮನೆಗಳಿಗೆ ಬರವಿಲ್ಲ. "ಮಾವ, ಇಲ್ಲಿ ಯಾರ ಹತ್ರ ಬೇಕಾದ್ರೂ ಏನು ಬೇಕಾದ್ರೂ ಮಾತಾಡಿ, ಡ್ಯೂಕ್ ಹೆಸರು ಮಾತ್ರ ಎತ್ತಬೇಡಿ" ಎಂದ ಕಾರಿನಲ್ಲಿ. ಪಕ್ಕದ ಡರ್ಹಮ್‌ನಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯ ಇವರ ಬದ್ಧ ಎದುರಾಳಿ. ಎರಡು ಕ್ಯಾಂಪಸ್‌ಗಳ ನಡುವೆ ಅರ್ಧ ಗಂಟೆಯ ದಾರಿಯೂ ಇಲ್ಲ.

ಡೀನ್ ಸ್ಮಿತ್ ಸೆಂಟರ್ ಒಳಗೆ ಕಾಲಿಟ್ಟಾಗ ನನಗೆ ಮಾತು ಹೊರಡಲಿಲ್ಲ. 1986ರ ಜನವರಿಯಲ್ಲಿ ಆರಂಭವಾದ ಈ ಒಳಾಂಗಣದಲ್ಲಿ 21,000ಕ್ಕೂ ಹೆಚ್ಚು ಜನ ಕೂರಬಹುದು. ಕಾಲೇಜು ಹುಡುಗರ ಆಟ ನೋಡಲು! ಅಂದು ಆಟವಿರಲಿಲ್ಲ. ಖಾಲಿ ನೀಲಿ ಕುರ್ಚಿಗಳು ಮೇಲ್ಛಾವಣಿಯವರೆಗೂ ಏರಿ ಹೋಗಿದ್ದವು. ಕತ್ತೆತ್ತಿದರೆ ಸಾಲುಸಾಲು ಬಟ್ಟೆಯ ಪಟಗಳು, ಒಂದೊಂದರ ಮೇಲೂ ಒಂದು ಹೆಸರು, ಒಂದು ಸಂಖ್ಯೆ. ಜೋರ್ಡಾನ್ 23. ವರ್ದಿ 52. ಫೋರ್ಡ್ 12. ಜೇಮಿಸನ್ 33. ಕಾರ್ಟರ್ 15. ಟಿವಿಯಲ್ಲಿ, ಪೋಸ್ಟರುಗಳಲ್ಲಿ, ಶೂಗಳ ಮೇಲೆ ಕಂಡ ಹೆಸರುಗಳೆಲ್ಲ ಒಂದೇ ಕಾಲೇಜಿನಲ್ಲಿ ಹುಟ್ಟಿದವೆಂದು ನಂಬುವುದೇ ಕಷ್ಟವಾಯಿತು.

ಈ ಪಟಗಳಿಗೂ ಒಂದು ಕಟ್ಟುಪಾಡಿದೆ. ಮೇಲೆ ಪಟ ಏರಿತೆಂದ ಮಾತ್ರಕ್ಕೆ ಆ ಸಂಖ್ಯೆ ಆಟಗಾರನ ಸ್ವತ್ತಾಗುವುದಿಲ್ಲ. ದೇಶದ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನೆಂಬ ಪ್ರಮುಖ ಪ್ರಶಸ್ತಿ ಗೆದ್ದವನ ಸಂಖ್ಯೆಯನ್ನು ಮಾತ್ರ ಮತ್ತೆ ಯಾರಿಗೂ ಕೊಡುವುದಿಲ್ಲ. ಜೋರ್ಡಾನನ 23 ಇನ್ನು ಯಾರ ಬೆನ್ನಿಗೂ ಇಲ್ಲ. ವಿನ್ಸ್ ಕಾರ್ಟರ್ ವೃತ್ತಿಪರರ ಲೀಗ್ ಆದ ಎನ್‌ಬಿಎಯಲ್ಲಿ 22 ಋತು ಆಡಿದ, ಹಾಲ್ ಆಫ್ ಫೇಮ್ ಸೇರಿದ. ಆದರೂ ಅವನ 15 ಅನ್ನು ಮುಂದೆ ಬರುವ ಯಾವ ಹುಡುಗನಾದರೂ ತೊಡಬಹುದು. ಹೊರಗೆ ಎಷ್ಟೇ ದೊಡ್ಡವನಾದರೂ ಇಲ್ಲಿನ ಲೆಕ್ಕ ಇಲ್ಲಿಯದೇ. ಈ ನಿಷ್ಠುರತೆ ನನಗೆ ಬಹಳ ಹಿಡಿಸಿತು.

ಪಕ್ಕದ ಕಟ್ಟಡದಲ್ಲೇ ಕೆರೊಲಿನಾ ಬ್ಯಾಸ್ಕೆಟ್‌ಬಾಲ್ ಮ್ಯೂಸಿಯಂ. ಕಪ್ಪುಗಳು, ಶೂಗಳು, ಜೆರ್ಸಿಗಳು ರಾಶಿ ಇವೆ. ನಾನು ಹೆಚ್ಚು ಹೊತ್ತು ನಿಂತದ್ದು ಒಂದು ಕಾಗದದ ಮುಂದೆ. ಡ್ಯೂಕ್‌ನ ಆಗಿನ ಹೊಸ ಕೋಚ್ ಮೈಕ್ ಷಶೆಫ್‌ಸ್ಕಿ ವಿಲ್ಮಿಂಗ್ಟನ್ ಊರಿನ ಹೈಸ್ಕೂಲು ಹುಡುಗನೊಬ್ಬನಿಗೆ ಟೈಪು ಮಾಡಿಸಿ ಕಳಿಸಿದ ಪತ್ರ ಅದು. ನೀನು ನಮ್ಮ ಕಾಲೇಜಿಗೆ ಬರುವ ಯೋಚನೆ ಬಿಟ್ಟಿದ್ದೀಯೆಂದು ತಿಳಿದು ಬೇಸರವಾಯಿತು, ಮುಂದಿನ ದಿನಗಳು ಚೆನ್ನಾಗಿರಲಿ ಎಂಬ ಅರ್ಥದ ಕೆಲವೇ ಸಾಲು. ಆ ಹುಡುಗ ಮೈಕಲ್ ಜೋರ್ಡಾನ್. ಎದುರಾಳಿಯ ಸೌಜನ್ಯದ ಪತ್ರವನ್ನು ಗಾಜಿನೊಳಗೆ ಇಷ್ಟು ಜೋಪಾನವಾಗಿ ಇಟ್ಟವರಿಗೆ ನಮಸ್ಕಾರ.

ಚಾಪೆಲ್ ಹಿಲ್‌ಗೆ ಬಂದ ಆ ಹುಡುಗ ಮೊದಲ ವರ್ಷದಲ್ಲೇ ಮಾಡಿದ್ದು ಈಗ ಚರಿತ್ರೆ. 1982ರ ಮಾರ್ಚ್ 29, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, ರಾಷ್ಟ್ರೀಯ ಫೈನಲ್. ಆಟ ಮುಗಿಯಲು 20 ಸೆಕೆಂಡೂ ಉಳಿದಿಲ್ಲ, ಜಾರ್ಜ್‌ಟೌನ್ ಒಂದು ಅಂಕ ಮುಂದಿದೆ. ಜಿಮ್ಮಿ ಬ್ಲ್ಯಾಕ್ ಚೆಂಡನ್ನು ಎಡಬದಿಗೆ ದಾಟಿಸಿದ, ಜೋರ್ಡಾನ್ ನೆಗೆದು ಎಸೆದ. 63-62. ಮರುಗಳಿಗೆಯಲ್ಲಿ ಜಾರ್ಜ್‌ಟೌನಿನ ಆಟಗಾರ ಗಲಿಬಿಲಿಗೊಂಡು ಚೆಂಡನ್ನು ಜೇಮ್ಸ್ ವರ್ದಿಯ ಕೈಗೇ ಕೊಟ್ಟುಬಿಟ್ಟ. ಅಂದು 28 ಅಂಕ ಹೊಡೆದ ವರ್ದಿಯನ್ನು ಕೆಲವೇ ತಿಂಗಳಲ್ಲಿ ಎನ್‌ಬಿಎಯ ಲೇಕರ್ಸ್ ತಂಡ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಆರಿಸಿಕೊಂಡಿತು. ಜೋರ್ಡಾನ್ 1984ರಲ್ಲಿ ಮೂರನೆಯವನಾಗಿ ಶಿಕಾಗೊ ಬುಲ್ಸ್ ಸೇರಿದ. ಪಾಸ್ ಕೊಟ್ಟ ಜಿಮ್ಮಿ ಬ್ಲ್ಯಾಕ್‌ಗೆ ಎನ್‌ಬಿಎ ಅಂಗಳದಲ್ಲಿ ಆಡುವ ಯೋಗ ಬರಲಿಲ್ಲ.

ಆದರೆ ಚಾಪೆಲ್ ಹಿಲ್ ಪಾಸ್ ಕೊಟ್ಟವನನ್ನು ಮರೆಯುವುದಿಲ್ಲ. 1961ರಿಂದ 1997ರವರೆಗೆ ಇಲ್ಲಿ ಕೋಚ್ ಆಗಿದ್ದ ಡೀನ್ ಸ್ಮಿತ್ ಹಾಕಿಕೊಟ್ಟ ಪದ್ಧತಿಯೊಂದಿದೆ. ಬುಟ್ಟಿಗೆ ಚೆಂಡು ಹಾಕಿದವನು ತನಗೆ ಪಾಸ್ ಕೊಟ್ಟವನತ್ತ ಬೆರಳು ತೋರಿಸಬೇಕು. ಗೆದ್ದ ಗಳಿಗೆಯಲ್ಲೇ ಕೃತಜ್ಞತೆ. ಮ್ಯೂಸಿಯಂನ ಪರದೆಯ ಮೇಲೆ ಹಳೆಯ ಆಟಗಳು ಓಡುತ್ತಿದ್ದಾಗ ನಾನು ಚೆಂಡನ್ನು ಬಿಟ್ಟು ಆ ಬೆರಳುಗಳನ್ನೇ ಹುಡುಕತೊಡಗಿದೆ. ಕಂಡಾಗಲೆಲ್ಲ ಮೈ ಜುಂ ಎಂದಿತು.

ಡೀನ್ ಸ್ಮಿತ್ 879 ಪಂದ್ಯ ಗೆದ್ದವರು. ಅವರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಚಾರ್ಲಿ ಸ್ಕಾಟ್‌ನ ಪ್ರಸಂಗ. ಕರಿಯ ಹುಡುಗರಿಗೆ ಈ ವಿಶ್ವವಿದ್ಯಾಲಯದ ಕ್ರೀಡಾ ವಿದ್ಯಾರ್ಥಿವೇತನ ಎಂದೂ ಸಿಕ್ಕಿರಲಿಲ್ಲ. ಸ್ಕಾಟ್ ಊರು ನೋಡಲು ಬಂದಾಗ ಸ್ಮಿತ್ ಅವನನ್ನು ಭಾನುವಾರ ತಮ್ಮ ಚರ್ಚಿಗೇ ಕರೆದುಕೊಂಡು ಹೋದರು. ಬಿಳಿಯರು, ಕರಿಯರು ಒಟ್ಟಿಗೆ ಕೂರುತ್ತಿದ್ದ ಚರ್ಚು ಅದು. 1966ರಲ್ಲಿ ಸೇರಿದ ಸ್ಕಾಟ್ 1968ರಲ್ಲಿ ಒಲಿಂಪಿಕ್ ಚಿನ್ನ ತಂದ. ಮುಂದೆ ವೃತ್ತಿಪರನಾಗಿ 1976ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಜೊತೆ ಎನ್‌ಬಿಎ ಕಿರೀಟವನ್ನೂ ಗೆದ್ದ. ಜೋರ್ಡಾನ್, ವರ್ದಿ ಇವರೆಲ್ಲ ನಡೆದು ಬಂದ ಬಾಗಿಲನ್ನು ಮೊದಲು ತೆರೆದವನು ಅವನು. ಹಾಲ್ ಆಫ್ ಫೇಮ್ ಮಾತ್ರ ಅವನನ್ನು ಕರೆದದ್ದು 2018ರಲ್ಲಿ. ಅದು ತೀರಾ ತಡವಾಯಿತು.

ಹೊಳೆಯುವ ಹುಡುಗರನ್ನು ಸ್ಮಿತ್ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ ಎಂಬುದು ಇನ್ನೊಂದು ಬೆರಗು. ಹುಡುಗನಿಗೆ ದೊಡ್ಡ ತಂಡದಲ್ಲಿ ಒಳ್ಳೆಯ ಜಾಗ ಸಿಗುವುದು ಖಾತ್ರಿಯಾದರೆ ತಾವೇ ಹೋಗು ಎನ್ನುತ್ತಿದ್ದರು. ವರ್ದಿ, ಜೋರ್ಡಾನ್ ಇಬ್ಬರೂ ಮೂರನೆಯ ವರ್ಷ ಮುಗಿಸಿ ಹೊರಟವರು. ತಂಡ ಬಡವಾದರೂ ಹುಡುಗ ಗಟ್ಟಿಯಾಗಲಿ ಎನ್ನುವ ಗುರು ಎಷ್ಟು ಜನರಿಗೆ ಸಿಕ್ಕಾನು? ಹಾಗೆ ಹೋದವರು ತವರಿಗೆ ಬರುವ ಹೆಣ್ಣುಮಕ್ಕಳಂತೆ ಮತ್ತೆ ಮತ್ತೆ ಬಂದರು. ಕೋಟಿಗಟ್ಟಲೆ ದುಡಿಯುವ ಎನ್‌ಬಿಎ ಆಟಗಾರರು ಬೇಸಿಗೆಯಲ್ಲಿ ಇಲ್ಲಿಗೆ ಬಂದು ಕಾಲೇಜು ಹುಡುಗರ ಜೊತೆ ಪ್ರೇಕ್ಷಕರಿಲ್ಲದ ಆಟ ಆಡುವುದು ದಶಕಗಳ ವಾಡಿಕೆ. ಬಿಟ್ಟು ಹೋದ ಓದನ್ನೂ ಬಂದು ಮುಗಿಸಿದರು. ಜೋರ್ಡಾನ್ ಬೇಸಿಗೆ ತರಗತಿಗಳಲ್ಲಿ ಕೂತು ಪದವಿ ಪೂರೈಸಿದ, ವಿಷಯ ಭೂಗೋಳ.

ವಿನ್ಸ್ ಕಾರ್ಟರ್ ಪದವಿ ಪಡೆದದ್ದಂತೂ ನಾಟಕಕ್ಕೇ ಹೇಳಿ ಮಾಡಿಸಿದ ಕಥೆ. 2001ರ ಮೇ 20. ಬೆಳಿಗ್ಗೆ ಚಾಪೆಲ್ ಹಿಲ್‌ನ ಕೆನನ್ ಸ್ಟೇಡಿಯಂನಲ್ಲಿ ಪದವಿ ಪ್ರದಾನ. ಅದೇ ದಿನ ಫಿಲಡೆಲ್ಫಿಯಾದಲ್ಲಿ ಅವನ ಟೊರಾಂಟೊ ರ‍್ಯಾಪ್ಟರ್ಸ್ ತಂಡಕ್ಕೆ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯ. ಕಾರ್ಟರ್ ಗೌನು ತೊಟ್ಟು ಸಹಪಾಠಿಗಳ ನಡುವೆ ಕುಳಿತ, ವಿಮಾನ ಹತ್ತಿದ, ಆಡಿದ. ಕೊನೆಯ ಎಸೆತ ಅವನದೇ, ಅದು ಒಳಗೆ ಬೀಳಲಿಲ್ಲ. 88-87ರಲ್ಲಿ ಟೊರಾಂಟೊ ಸೋತಿತು. ಬೈದವರು ಕಡಿಮೆಯಿಲ್ಲ. ಅವನು ಮಾಡಿದ್ದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓದಿದ ಜಾಗಕ್ಕೆ ಅಷ್ಟು ಮರ್ಯಾದೆ ಕೊಟ್ಟವನನ್ನು ಕೈ ತಪ್ಪಿದ ಒಂದು ಚೆಂಡನ್ನು ಹಿಡಿದು ಅಳೆಯಬಾರದು.

ಸಂಜೆಯ ಹೊತ್ತಿಗೆ ಕ್ಯಾಂಪಸ್ಸಿನ ಮರಗಳ ನಡುವೆ ನಡೆದು ಕಾರ್ಮೈಕಲ್ ಅರೀನಾಕ್ಕೆ ಬಂದೆವು. ಜೋರ್ಡಾನ್ ಕಾಲದಲ್ಲಿ ಗಂಡು ಹುಡುಗರು ಆಡುತ್ತಿದ್ದುದು ಇಲ್ಲೇ. ಈಗ ಇದು ಹೆಣ್ಣುಮಕ್ಕಳ ತಂಡದ ಮನೆ. ಈ ತಂಡ ಆಡಿದ 1994ರ ರಾಷ್ಟ್ರೀಯ ಫೈನಲ್‌ನಲ್ಲಿ ಲೂಯಿಸಿಯಾನ ಟೆಕ್ ಎರಡು ಅಂಕ ಮುಂದಿತ್ತು, ಗಡಿಯಾರದಲ್ಲಿ ಉಳಿದದ್ದು 0.7 ಸೆಕೆಂಡ್. ಗೆರೆಯ ಹೊರಗಿನಿಂದ ಬಂದ ಚೆಂಡನ್ನು ಹಿಡಿದ ಷಾರ್ಲಟ್ ಸ್ಮಿತ್ ಮೂರು ಅಂಕದ ಎಸೆತ ಎಸೆದಳು. 60-59! ರೆಪ್ಪೆ ಮಿಟುಕಿಸುವಷ್ಟರಲ್ಲಿ ಒಂದು ಚಾಂಪಿಯನ್‌ಷಿಪ್. ಅದೇ ಪಂದ್ಯದಲ್ಲಿ 23 ರಿಬೌಂಡ್ ಹಿಡಿದವಳೂ ಅವಳೇ. ಮುಂದೆ ಹೆಣ್ಣುಮಕ್ಕಳ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಷಾರ್ಲಟ್ ಸ್ಟಿಂಗ್ ತಂಡದಲ್ಲಿ ವೃತ್ತಿಪರಳಾಗಿ ಆಡಿದಳು, ಕೋಚ್ ಕೂಡ ಆದಳು.

ಹಿಂದಿರುಗುವ ದಾರಿಯಲ್ಲಿ ಅಳಿಯ ಇನ್ನೊಂದು ಸಂಗತಿ ಹೇಳಿದ. ಡೀನ್ ಸ್ಮಿತ್ 2015ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರುತಿಂಗಳು ಅವರ ಕೈಕೆಳಗೆ ಆಡಿದ ಸುಮಾರು 180 ಮಂದಿಗೆ ಒಂದೊಂದು ಲಕೋಟೆ ಬಂತು. ಒಳಗೆ 200 ಡಾಲರಿನ ಚೆಕ್ಕು, ಕೋಚ್ ಲೆಕ್ಕದಲ್ಲಿ ಹೊರಗೆ ಹೋಗಿ ಒಂದು ಒಳ್ಳೆಯ ಊಟ ಮಾಡಿ ಎಂಬ ಒಕ್ಕಣೆ. ಕೋಟ್ಯಧೀಶನಿಗೂ ಅಷ್ಟೇ, ಎನ್‌ಬಿಎ ಮುಖ ಕಾಣದವನಿಗೂ ಅಷ್ಟೇ. ಕೇಳಿ ಸ್ವಲ್ಪ ಹೊತ್ತು ನಾನು ಕಿಟಕಿಯ ಆಚೆ ನೋಡುತ್ತ ಕುಳಿತೆ.

ಮಕ್ಕಳ ಮನೆಗೆಂದು ಅಲ್ಲಿನ ಕೇರಿ ಎಂಬ ಊರಿಗೋ ಮೋರಿಸ್‌ವಿಲ್‌ಗೋ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಬಹಳ ಮಂದಿ ಇದ್ದಾರೆ. ವೆಂಕಟೇಶ್ವರನ ಗುಡಿ, ಅಂಗಡಿ ಎಲ್ಲ ಆದ ಮೇಲೆ ಒಂದು ದಿನ ಚಾಪೆಲ್ ಹಿಲ್‌ಗೆ ಎತ್ತಿಡಿ. ಆಟದ ನಿಯಮ ತಿಳಿದಿರಬೇಕೆಂದಿಲ್ಲ. ಮ್ಯೂಸಿಯಂನಲ್ಲಿ ಆ ಪತ್ರ ಓದಿ. ಜೋರ್ಡಾನನ ಹೆಸರು ಕಂಡ ಸಂಭ್ರಮದಲ್ಲಿ ಕಾರ್ಮೈಕಲ್ ಬಿಟ್ಟು ಬರಬೇಡಿ.