ಒಂದನೇ ಪ್ಲಗ್ ಮತ್ತು ಹೆಬ್ಬೆರಳು

ಕಳೆದ ಮಾರ್ಚಿನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮುನ್ನಾದಿನ, ಗುಡ್ಡದಾಚೆಯ ನಾಲ್ಕು ಮಕ್ಕಳನ್ನು ಶಾಲೆಗೆ ಕರೆತರುತ್ತಿದ್ದ ಜೀಪು ಕೆಟ್ಟಿತು. ಆ ದಾರಿಗೆ ಬಸ್ಸಿಲ್ಲ. ನಿವೃತ್ತ ಹೆಡ್ಮಾಸ್ಟ್ರ ಮನೆಯ ಶೆಡ್ಡಿನಲ್ಲಿ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಇದೆ. ಅಂಬಾಸಿಡರ್ ತಯಾರಿಯೇ 2014ರಲ್ಲಿ ನಿಂತಿತು. ಇದು ಅದಕ್ಕೂ ಎಷ್ಟೋ ಹಿಂದಿನದು. ಡಿಸ್ಟ್ರಿಬ್ಯೂಟರಿನ ಮುಚ್ಚಳ ಒಡೆದಿತ್ತು. ಹೊಸ ಮುಚ್ಚಳ, ಹೊಸ ವಯರು ತಂದು ನಾವಿಬ್ಬರು ಮಾಸ್ಟ್ರುಗಳು ಕೆಲಸಕ್ಕೆ ಇಳಿದೆವು.

ಪುಲ್ಲಿಯ ಗುರುತನ್ನು ಮುಳ್ಳಿಗೆ ಸರಿಹೊಂದಿಸಿದೆವು. ಆಗ ರೋಟರ್ ಎತ್ತ ನೋಡುತ್ತಿತ್ತೋ ಅಲ್ಲಿಗೆ ಒಂದನೇ ಸಿಲಿಂಡರಿನ ವಯರು, ಅಲ್ಲಿಂದ ರೋಟರ್ ತಿರುಗುವ ದಿಕ್ಕಿನಲ್ಲೇ 3, 4, 2. ಈ ಕ್ರಮ ನಮಗೆ ಮಗ್ಗಿಯ ಹಾಗೆ ಬಾಯಿಪಾಠ. ಸ್ಟಾರ್ಟ್ ಮಾಡಿದರೆ ಕಾರ್ಬ್ಯುರೇಟರಿನಿಂದ ಢಂ ಎಂದು ಒಂದು ಸದ್ದು, ಅಷ್ಟೆ. ಡಿಸ್ಟ್ರಿಬ್ಯೂಟರನ್ನು ಅತ್ತಿತ್ತ ತಿರುಗಿಸಿದೆವು. ಪಾಯಿಂಟಿನ ಎಡೆ ಅಳೆದೆವು, 0.4 ಮಿ.ಮೀ. ಆಸುಪಾಸು, ಸರಿಯಾಗಿಯೇ ಇತ್ತು. ಕತ್ತಲಾಯಿತು.

ಗ್ಯಾರೇಜು ಮುಚ್ಚಿ ಮನೆಗೆ ಹೊರಟಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸದ್ದು ಕೇಳಿ ಒಳಗೆ ಬಂದ. ಸ್ವಲ್ಪ ಹೊತ್ತು ನೋಡಿ, "ಮಾಸ್ಟ್ರೇ, ಗುರುತು ಬಂದಾಗ ಅದು ಯಾವ ಹೊಡೆತ?" ಎಂದು ಕೇಳಿದ.

ಸಂಪೀಡನ, ನಿಷ್ಕಾಸ ಎಂದು ಅವನಿಗೆ ಬೋರ್ಡಿನಲ್ಲಿ ಚಿತ್ರ ಬಿಡಿಸಿ ಕಲಿಸಿದವರು ನಾವೇ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಹಾಗಾಗಿ ಆ ಗುರುತು ಎರಡು ಸಲ ಬರುತ್ತದೆ, ಕಿಡಿ ಬೇಕಾದದ್ದು ಒಂದು ಸಲಕ್ಕೆ ಮಾತ್ರ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ!

"ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಇಡಿ" ಎಂದ. ಕೀ ಆಫ್ ಇದೆಯೇ ಎಂದು ನೋಡಿ, ತಾನು ಹ್ಯಾಂಡಲ್ ತಿರುಗಿಸಿದ. ಗುರುತು ಬಂತು, ಬೆರಳಿಗೆ ಏನೂ ಗೊತ್ತಾಗಲಿಲ್ಲ. ಇನ್ನೊಂದು ಸುತ್ತಿಗೆ ಗಾಳಿ ಹೆಬ್ಬೆರಳನ್ನೇ ದೂಡಿತು. ಈಗ ರೋಟರ್ ನೋಡುತ್ತಿದ್ದದ್ದು ನಾವು ನಾಲ್ಕನೆಯದಕ್ಕೆ ಕೊಟ್ಟ ವಯರಿನ ಕಡೆಗೆ. ಒಂದನ್ನೂ ನಾಲ್ಕನ್ನೂ ಅದಲುಬದಲು, ಎರಡನ್ನೂ ಮೂರನ್ನೂ ಅದಲುಬದಲು. ಕೆಲಸ ಮುಗಿಯಿತು.

ಮುಗಿಯಿತು ಎಂದದ್ದು ನಾವು, ಅವನಲ್ಲ. ಪಿಸ್ಟನ್ ತುದಿ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು, ಪೆಟ್ರೋಲ್ ಉರಿಯಲಿಕ್ಕೂ ಹೊತ್ತು ಬೇಕಲ್ಲ. ತೀರಾ ಮುಂಚೆಯಾದರೆ ಏರಿನಲ್ಲಿ ಎಂಜಿನ್ ಕಟಕಟ ಎನ್ನುತ್ತದೆ. ಪಾಯಿಂಟಿನ ವಯರಿನಿಂದ ಬಾಡಿಗೆ ಒಂದು ಸಣ್ಣ ಬಲ್ಬು ಕಟ್ಟಿ, ಕೀ ಆನ್ ಮಾಡಿ, ಗುರುತನ್ನು ಮುಳ್ಳಿಗಿಂತ ಸ್ವಲ್ಪ ಹಿಂದೆ ನಿಲ್ಲಿಸಿ, ಬಲ್ಬು ಹೊತ್ತುವ ಕ್ಷಣಕ್ಕೆ ಡಿಸ್ಟ್ರಿಬ್ಯೂಟರನ್ನು ಬಿಗಿದ.

ಬೆಳಿಗ್ಗೆ ಆ ನಾಲ್ವರು ಹಿಂದಿನ ಸೀಟಿನಲ್ಲಿ ಸೂತ್ರ ಓದುತ್ತಾ ಬಂದರು. ಗುಡ್ಡದ ಏರಿನಲ್ಲಿ ನಾವಿಬ್ಬರೂ ಕಿವಿಗೊಟ್ಟು ಕೂತಿದ್ದೆವು, ಕಟಕಟ ಕೇಳಲಿಲ್ಲ.